ಸೌಟು ಹಿಡಿಯಲು ವಯಸ್ಸಿನ ಮಿತಿಯಿಲ್ಲ

ಸಾಗರ
ಕಾರ್ತಿಕ ಮಾಸ

ಚಿ. ಪುಟ್ಟುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ಚಳಿ ಬಿದ್ದಂತೆ ನಿನ್ನ ದೊಡ್ಡಮ್ಮನ ಬೆರಳ ಗಂಟುನೋವು ಸ್ವಲ್ಪ ಹೆಚ್ಚಾಗಿದೆ, ಅಷ್ಟೇ. ಅಡಿಕೆ ಕೊಯ್ಲು ಶುರುವಾಗಿ ನಿನ್ನಪ್ಪನಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ.

ಮೊನ್ನೆ ನಿನ್ನಮ್ಮ ಬಂದಿದ್ದಾಗ ನಿನ್ನ ಎದೆಯುರಿ, ಹುಳಿತೇಗಿನ ವಿಷಯ ಹೇಳಿ ಬೇಜಾರು ಮಾಡಿಕೊಂಡಳು. ದಿಲ್ಲಿಯಲ್ಲಿ ಎರಡು ಹೊತ್ತೂ ಡಬ್ಬಿಯೂಟ, ನಡುವೆ ಬತ್ರಾ ಸಿನಿಮಾದ ಹತ್ತಿರದ ಗಾಡಿಯಲ್ಲಿ ಛೋಲೆ ಭಟೂರೆಯೋ ಮೋಮೋವೋ, ಅರ್ಧರಾತ್ರಿಯವರೆಗೆ ಓದುವಾಗ ಚಹಾ, ಬಿಸ್ಕತ್ತು. "ನೀನೇ ಒಂದಿಷ್ಟು ಬೇಯಿಸಿಕೊಳ್ಳಬಾರದಾ?" ಎಂದು ಅವಳು ಕೇಳಿದ್ದಕ್ಕೆ, "ಇಪ್ಪತ್ತೊಂಬತ್ತು ವರ್ಷ ಆಯ್ತಮ್ಮ, ಇನ್ನು ಯಾವಾಗ ಅಡುಗೆ ಕಲಿಯೋದು?" ಎಂದೆಯಂತೆ. ಫೋನಿನಲ್ಲಿ ಹೇಳಿದರೆ "ಆಯ್ತು ದೊಡ್ಡಪ್ಪ" ಎಂದು ಮುಗಿಸಿಬಿಡುತ್ತೀಯ. ಅದಕ್ಕೇ ಕಾಗದ ಬರೆಯಲು ಕೂತೆ.

ನೀನು ಬರೆಯುತ್ತಿರುವ ನಾಗರಿಕ ಸೇವಾ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ 32 ವರ್ಷ, ಆರು ಪ್ರಯತ್ನ ಎಂಬ ಗಡಿಯಿದೆ. ಆ ಗಡಿಯನ್ನು ದಿನಾ ಎಣಿಸಿ ಎಣಿಸಿ ನಿನಗೆ ಎಲ್ಲದಕ್ಕೂ ವಯಸ್ಸು ಮೀರಿದಂತೆ ಕಾಣುತ್ತಿರಬೇಕು. ನಾನು ಸೌಟು ಹಿಡಿದಾಗ ಅರವತ್ತಮೂರು. ಸರ್ಕಾರಿ ನೌಕರಿ ಮುಗಿಸಿ, ದಿಲ್ಲಿಯ ತಿಮಾರ್‌ಪುರದ ಕ್ವಾರ್ಟರ್ಸ್ ಖಾಲಿ ಮಾಡಿ ಊರಿಗೆ ಬಂದು ಮೂರು ವರ್ಷವಾಗಿತ್ತು. ಆಗ ನಿನ್ನ ದೊಡ್ಡಮ್ಮನ ಕೈ ಬೆರಳುಗಳು ಸೊಟ್ಟಗಾಗಿ, ಹಿಟ್ಟು ನಾದುವುದಿರಲಿ, ತುಂಬಿದ ಪಾತ್ರೆ ಇಳಿಸುವುದೂ ಆಗದಂತಾಯಿತು. ಅಡುಗೆಗೆ ಜನ ಇಟ್ಟುಕೊಳ್ಳೋಣ ಎಂದರು ಕೆಲವರು. ನಾನು ಕಲಿಯುತ್ತೇನೆ ಎಂದೆ. ಅವಳು ಒಲೆಯ ಪಕ್ಕಕ್ಕೆ ಬೆತ್ತದ ಕುರ್ಚಿ ಹಾಕಿಸಿಕೊಂಡು ಕೂತಳು.

ಅವಳು ಕಲಿಸಿದ ರೀತಿಯನ್ನು ನಿನಗೆ ಹೇಳಬೇಕು, ಯಾಕೆಂದರೆ ಆ ಕುರ್ಚಿ ನಿನ್ನ ಕೋಣೆಯಲ್ಲಿ ಇಲ್ಲ. ಇಷ್ಟು ಗ್ರಾಂ, ಇಷ್ಟು ನಿಮಿಷ ಎಂದು ಅವಳು ಒಂದು ದಿನವೂ ಹೇಳಲಿಲ್ಲ. "ಸಾಸಿವೆ ಹಾಕಿದೆಯಾ? ಈಗ ಕೈ ಕಟ್ಟಿ ನಿಲ್ಲು. ಮೊದಲು ಒಂದೆರಡು ಚಟಪಟ ಅನ್ನುತ್ತೆ, ಆಮೇಲೆ ಎಲ್ಲ ಒಟ್ಟಿಗೆ. ಆ ಸದ್ದು ಇಳಿಯೋ ಹೊತ್ತಿಗೆ ಇಂಗು, ಅದರ ಹಿಂದೆಯೇ ಕರಿಬೇವು" ಎನ್ನುವಳು. ಸಾಸಿವೆಯೊಳಗಿನ ತೇವ ಆವಿಯಾಗಿ ಸಿಪ್ಪೆ ಒಡೆದಾಗ ಬರುವ ಸದ್ದು ಅದು. ಎಣ್ಣೆ ಸಾಕಷ್ಟು ಕಾದಿದೆ ಎಂದು ಹೇಳುವುದಕ್ಕೆ ಬೇರೆ ಯಂತ್ರ ಬೇಡ. ಸಾರು ಕುದಿಯುವಾಗ ಕುರ್ಚಿಯಿಂದಲೇ ಮೂಗು ಅರಳಿಸಿ, "ಹುಣಸೆಯ ಹಸಿ ವಾಸನೆ ಇನ್ನೂ ಹೋಗಿಲ್ಲ, ಬೇಳೆ ಈಗಲೇ ಸುರಿಯಬೇಡ" ಎನ್ನುವಳು. ಬೇಳೆ ಬಿದ್ದ ಮೇಲೆ ಪಾತ್ರೆಯ ಅಂಚಿನಲ್ಲಿ ನೊರೆ ಕಟ್ಟಿ ನಡುವಿಗೆ ಸರಿಯುತ್ತದೆ. ಆ ನೊರೆ ಮೇಲೇಳುವಾಗ ಉರಿ ಆರಿಸಬೇಕು. ಕಿವಿ, ಮೂಗು, ಕಣ್ಣು ಮೂರನ್ನೂ ಒಲೆಯ ಮುಂದೆ ನಿಲ್ಲಿಸಿದರೆ ಅಡುಗೆ ತಾನೇ ದಾರಿ ತೋರಿಸುತ್ತದೆ. ನೀನು ದಿನಕ್ಕೆ ಹತ್ತು ಗಂಟೆ ಪುಸ್ತಕ, ಮೊಬೈಲು ನೋಡುವವನು. ಕಿವಿಗೂ ಮೂಗಿಗೂ ನಿನ್ನಲ್ಲಿ ಕೆಲಸವೇ ಇಲ್ಲದಂತಾಗಿದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಿನ್ನ ಹೊಟ್ಟೆ ಸರಿಯಾಗಲಿ ಎಂಬುದಕ್ಕಿಂತ ದೊಡ್ಡ ಕಾರಣವೊಂದು ನನ್ನ ಮನಸ್ಸಿನಲ್ಲಿದೆ. ನಿನ್ನ ಪರೀಕ್ಷೆಯ ಫಲ ಕೈಗೆ ಬರಲು ಸುಮಾರು ಒಂದು ವರ್ಷ ಬೇಕು. ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆಯ ಒಂಬತ್ತು ಪತ್ರಿಕೆ, ಆಮೇಲೆ 275 ಅಂಕಗಳ ಸಂದರ್ಶನ. ಒಂದು ಮೆಟ್ಟಿಲಲ್ಲಿ ಜಾರಿದರೆ ಮತ್ತೆ ಮೊದಲಿನಿಂದ. ಇಷ್ಟು ಕಾಲ ಮನುಷ್ಯ ದುಡಿಯುತ್ತಲೇ ಇದ್ದು, ಇವತ್ತು ಏನು ಮಾಡಿದೆ ಎಂದು ಕೇಳಿದರೆ ತೋರಿಸಲು ಏನೂ ಇಲ್ಲದಿದ್ದರೆ ಒಳಗಿನ ಬಲ ಸೋರಿಹೋಗುತ್ತದೆ. ನಿವೃತ್ತನಾದಾಗ ನನ್ನದೂ ಅದೇ ಪಾಡು. ನಿನ್ನ ಫಲವೆಲ್ಲ ಮುಂದಿದೆ, ನನ್ನ ಫಲವೆಲ್ಲ ಹಿಂದಾಗಿತ್ತು. ಇಬ್ಬರಿಗೂ ಇವತ್ತಿನದ್ದು ಎನ್ನುವುದು ಇರಲಿಲ್ಲ.

ಅಡುಗೆ ಆ ಜಾಗ ತುಂಬಿತು. ಹನ್ನೊಂದಕ್ಕೆ ಅಕ್ಕಿ ತೊಳೆದರೆ ಹನ್ನೆರಡಕ್ಕೆ ಬಾಳೆಲೆಯ ಮೇಲೆ ಅನ್ನ. ಉಪ್ಪು ಹೆಚ್ಚೋ ಕಡಿಮೆಯೋ ನಾಲಿಗೆ ಆ ಕ್ಷಣವೇ ತೀರ್ಪು ಕೊಡುತ್ತದೆ, ನಾಳೆ ತಿದ್ದಿಕೊಳ್ಳಬಹುದು. ಕೆಲಸ ಶುರುವಾಗಿ, ನಡೆದು, ಮುಗಿದು, ಹೊಟ್ಟೆ ಸೇರುವುದೆಲ್ಲ ಒಂದು ಗಂಟೆಯೊಳಗೆ. ವರ್ಷಗಟ್ಟಲೆ ಕಾಯುವವನಿಗೆ ದಿನಕ್ಕೊಮ್ಮೆ ಇಂಥ ಒಂದು ಕೆಲಸ ಬೇಕೇ ಬೇಕು ಎಂದು ನಾನು ನಂಬಿದ್ದೇನೆ. ಅಷ್ಟಕ್ಕಾಗಿಯಾದರೂ ನೀನು ಒಲೆ ಹಚ್ಚಬೇಕು.

ಓದಿನ ಹೊತ್ತು ಹಾಳಾಗುತ್ತದೆ ಎನ್ನುತ್ತೀಯ. ಗಾಂಧೀಜಿಯ ಆತ್ಮಕಥೆ ನೀನು ಓದಿದ್ದೀಯ, ಆದರೆ ಅದರಲ್ಲಿ ಒಲೆಯ ವಿಷಯ ಬರುವ ಕಡೆ ನಿಂತಿರಲಾರೆ. ಲಂಡನ್ನಿನಲ್ಲಿ ಕಾನೂನು ಓದುತ್ತ, ಜೊತೆಗೆ ಅಲ್ಲಿಯ ಮೆಟ್ರಿಕ್ಯುಲೇಷನ್ ಪರೀಕ್ಷೆಗೂ ಕಟ್ಟಿದ್ದ ಕಾಲದಲ್ಲಿ ಅವರು ಎರಡು ಕೋಣೆ ಬಿಟ್ಟು ಒಂದೇ ಕೋಣೆಗೆ ಬಂದರು, ಒಂದು ಸ್ಟೌ ಕೊಂಡರು. ಬೆಳಗ್ಗೆ ಓಟ್ಸ್ ಗಂಜಿ ಮತ್ತು ಕೋಕೋ, ಮಧ್ಯಾಹ್ನ ಹೊರಗೆ ಊಟ, ರಾತ್ರಿ ಮತ್ತೆ ಕೋಣೆಯಲ್ಲೇ ಬ್ರೆಡ್ಡು, ಕೋಕೋ. ಬೇಯಿಸಲು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ ಎಂದು ಬರೆದಿದ್ದಾರೆ. ಅದು ಅವರು ಚೆನ್ನಾಗಿ ಓದಿದ ಕಾಲವೂ ಹೌದು. ಆಗ ಅವರಿಗೆ ನಿನಗಿಂತ ಕಡಿಮೆ ವಯಸ್ಸು, ಪರದೇಶ, ಹಿಡಿದು ಖರ್ಚು ಮಾಡಬೇಕಾದ ದುಡ್ಡು, ಎದುರಿಗೆ ಪರೀಕ್ಷೆ. ನಿನಗೂ ಇಪ್ಪತ್ತು ನಿಮಿಷ ಸಿಗುತ್ತದೆ.

ಇನ್ನೊಂದು ಮಾತನ್ನು ಗಂಡಸಿಗೆ ಗಂಡಸಾಗಿ ಹೇಳುತ್ತೇನೆ. ನಮ್ಮ ಕಡೆ ಮದುವೆ ಮನೆಯಲ್ಲಿ ಐನೂರು ಜನಕ್ಕೆ ಬೇಯಿಸುವವರು ಗಂಡಸರು. ಅಡುಗೆ ಭಟ್ಟರು ಬಂದರೆ ಊರೇ ಮರ್ಯಾದೆ ಕೊಡುತ್ತದೆ. ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ ಮೂರನೆಯ ಮಂಗರಸ ಗಂಡಸು, ಅದು 1508ರಷ್ಟು ಹಿಂದಿನದು. ಅದಕ್ಕೂ ಮೊದಲು, 1129ರ ಸುಮಾರಿಗೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಊಟದ ವಿಷಯಕ್ಕೇ ಒಂದು ಭಾಗ ಮೀಸಲಿಟ್ಟ. ನಳ, ಭೀಮ ಇಬ್ಬರೂ ಅಡುಗೆಗೆ ಹೆಸರಾದವರು. ಇಷ್ಟೆಲ್ಲ ಇದ್ದೂ ದಿನದ ಅನ್ನ ಸಾರು ಮಾತ್ರ ಹೆಂಗಸರ ಪಾಲಿಗೇ ಬಿಟ್ಟೆವು. ದೇಶದ ಸಾಂಖ್ಯಿಕ ಇಲಾಖೆ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಅಂಕಿಗಳು ನಿನ್ನ ಟಿಪ್ಪಣಿ ಪುಸ್ತಕದಲ್ಲಿರಬೇಕು. ಆರು ವರ್ಷ ಮೇಲ್ಪಟ್ಟವರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಶೇ. 81.2, ಗಂಡಸರು ಶೇ. 26.1. ಹಾಗೆ ಮಾಡುವವರಲ್ಲೂ ಹೆಂಗಸರಿಗೆ ದಿನಕ್ಕೆ 299 ನಿಮಿಷ ಹಿಡಿದರೆ ಗಂಡಸರಿಗೆ 97 ನಿಮಿಷ. ಇದನ್ನು ಉತ್ತರಪತ್ರಿಕೆಯಲ್ಲಿ ಚೆನ್ನಾಗಿ ಬರೆಯುತ್ತೀಯ ಎಂದು ನನಗೆ ಗೊತ್ತು. ನಾಳೆ ಯಾವುದೋ ಜಿಲ್ಲೆಯಲ್ಲಿ ಅಧಿಕಾರದ ಕುರ್ಚಿಯಲ್ಲಿ ಕೂತು ಅಂಗನವಾಡಿಯ ಬಿಸಿಯೂಟ, ಶಾಲೆಯ ಅಡುಗೆಯವರ ಗೌರವಧನ ಎಂದು ಕಡತ ನೋಡುವಾಗ, ಬೇಳೆ ಬೇಯಲು ಎಷ್ಟು ಹೊತ್ತು ಬೇಕೆಂದು ಕೈಯಾರೆ ತಿಳಿದವನಾಗಿರು. ನಿನ್ನ ಕೈ ಹಿಡಿದು ಬರುವ ಹುಡುಗಿಗೂ ಅದೇ ನಿಜವಾದ ಮರ್ಯಾದೆ. ಹೆಂಡತಿಗೆ 'ಸಹಾಯ' ಮಾಡುತ್ತೇನೆ ಎನ್ನಬೇಡ. ಉಣ್ಣುವವನ ಕೆಲಸ ಅದು, ಅದರಲ್ಲಿ ನಿನ್ನದು ಅರ್ಧ ಪಾಲು.

ಇನ್ನು ಹೇಗೆ ಶುರು ಮಾಡುವುದು ಎಂಬುದು. ಮೊದಲು ಬೆಂಕಿಯ ವಿಷಯ. 2023ರ ಜೂನ್ 15ರಂದು ನಿಮ್ಮ ಮುಖರ್ಜಿ ನಗರದ ಕೋಚಿಂಗ್ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು, ಹುಡುಗ ಹುಡುಗಿಯರು ಮೇಲಿನ ಕಿಟಕಿಗಳಿಂದ ವೈರು, ಹಗ್ಗ ಹಿಡಿದು ಇಳಿಯುತ್ತಿದ್ದುದನ್ನು ಟಿವಿಯಲ್ಲಿ ನೋಡಿ ನಾವಿಬ್ಬರೂ ಆ ರಾತ್ರಿ ನಿದ್ದೆ ಮಾಡಲಿಲ್ಲ. ಆ ಗಲ್ಲಿಗಳ ತಂತಿಗಳ ಸಿಕ್ಕು ನನಗೆ ಚೆನ್ನಾಗಿ ಗೊತ್ತು. ಮನೆ ಮಾಲೀಕರನ್ನು ಕೇಳಿ, ಒಪ್ಪಿಗೆ ಪಡೆದೇ ಒಲೆ ಇಡು. ಇಂಡಕ್ಷನ್ ಸ್ಟೌ ಆದರೆ 2000 ವ್ಯಾಟಿಗೆ ಹತ್ತಿರ ಹತ್ತಿರ 9 ಆಂಪಿಯರ್ ಕರೆಂಟು ಎಳೆಯುತ್ತದೆ. 16 ಆಂಪಿಯರಿನ ದೊಡ್ಡ ಪ್ಲಗ್ಗಿಗೆ ನೇರ ಹಾಕು, ಲ್ಯಾಪ್‌ಟಾಪು, ಹೀಟರು ಎಲ್ಲ ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಯಾವತ್ತೂ ಬೇಡ. ಗ್ಯಾಸೇ ಬೇಕೆಂದರೆ 5 ಕೆ.ಜಿ.ಯ ಸಣ್ಣ ಸಿಲಿಂಡರು ಗುರುತಿನ ಚೀಟಿ ತೋರಿಸಿದರೆ ಏಜೆನ್ಸಿಯಲ್ಲಿ ಸಿಗುತ್ತದೆ, ವಿಳಾಸದ ದಾಖಲೆ ಬೇಕಿಲ್ಲ. ಗಲ್ಲಿಯ ಅಂಗಡಿಯಲ್ಲಿ ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ತುಂಬಿಕೊಡುತ್ತೇವೆ ಎಂದರೆ ಆ ಕಡೆ ತಲೆ ಹಾಕಬೇಡ.

ಸಾಮಾನು ಕಡಿಮೆ ಸಾಕು. ಮೂರು ಲೀಟರಿನ ಕುಕ್ಕರ್, ಒಂದು ಬಾಣಲೆ, ಒಗ್ಗರಣೆ ಸೌಟು, ಚಾಕು, ಮಣೆ, ಎರಡು ಪಾತ್ರೆ, ಒಂದು ಸಣ್ಣ ಮಿಕ್ಸಿ. ಸಂತೆಯ ವಿಷಯದಲ್ಲಿ ನೀನು ಎಷ್ಟು ಭಾಗ್ಯವಂತ ಎಂದು ನಿನಗೇ ತಿಳಿದಂತಿಲ್ಲ. ಜಿಟಿಬಿ ನಗರದಲ್ಲಿ ಹಳದಿ ಲೈನ್ ಮೆಟ್ರೋ ಹತ್ತಿದರೆ ಬೇಕಾದ್ದೆಲ್ಲ ಅದೇ ಒಂದು ಸಾಲಿನಲ್ಲಿದೆ. ಒಂದು ಕಡೆಗೆ ಎರಡನೇ ಸ್ಟೇಷನ್ನು ಆಜಾದ್‌ಪುರ, ಏಷ್ಯಾದಲ್ಲೇ ಬಹುದೊಡ್ಡದೆಂದು ಹೆಸರಾದ ಹಣ್ಣು ತರಕಾರಿಯ ಮಂಡಿ ಅಲ್ಲಿದೆ. ಇನ್ನೊಂದು ಕಡೆಗೆ ಚಾಂದನಿ ಚೌಕದಲ್ಲಿಳಿದು ನಡೆದರೆ ಖಾರಿ ಬಾವಲಿ. ಅಫ್ಘಾನಿಸ್ತಾನದ ಇಂಗು, ಜೀರಿಗೆ, ಕಾಳುಮೆಣಸು ಅಲ್ಲಿ ತಗೋ. ಅದೇ ಲೈನಿನಲ್ಲಿ ಮುಂದೆ ಹೋಗಿ ಐಎನ್‌ಎ ಸ್ಟೇಷನ್ನಿನಲ್ಲಿ ಇಳಿದರೆ ಐಎನ್‌ಎ ಮಾರ್ಕೆಟ್ಟಿನ ಕೇರಳದವರ ಅಂಗಡಿಗಳಲ್ಲಿ ತೆಂಗಿನಕಾಯಿ, ನುಗ್ಗೆಕಾಯಿ, ಕರಿಬೇವು, ನಮ್ಮ ಅಕ್ಕಿ. ನಾವು ತಿಮಾರ್‌ಪುರದಲ್ಲಿದ್ದಾಗ ಅಲ್ಲಿಗೆ ಎರಡು ಬಸ್ಸು ಬದಲಿಸಬೇಕಿತ್ತು. ಕರಿಬೇವನ್ನು ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿಡು, ಬೇಗ ಕಪ್ಪಾಗುವುದಿಲ್ಲ.

ಮೊದಲು ಮೂರೇ ಅಡುಗೆ: ಅನ್ನ, ತೊಗರಿಬೇಳೆ ಸಾರು, ಒಂದು ಪಲ್ಯ. ಅವು ಕೈಗೆ ಹತ್ತುವವರೆಗೆ ಯೂಟ್ಯೂಬಿನಲ್ಲಿ ನಾಲ್ಕನೆಯದನ್ನು ಹುಡುಕಬೇಡ. ಅಲ್ಲಿಯ ಅಂಗಡಿಯಲ್ಲಿ ತೊಗರಿಬೇಳೆಯನ್ನು ಅರ್ಹರ್ ಎಂದು ಕೇಳು. ಅರ್ಧ ಗಂಟೆ ನೆನೆಸಿ, ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ ಹಾಕಿ ಕುಕ್ಕರಿಗಿಡು. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ನಿಂತುಬಿಡುತ್ತದೆ. ಕುಕ್ಕರಿನೊಳಗಿನ ಒತ್ತಡದಲ್ಲಿ ಸುಮಾರು 120ಕ್ಕೆ ಏರುತ್ತದೆ, ಅದಕ್ಕೇ ಬೇಳೆ ಬೇಗ ಕರಗುವುದು. ಅದು ಕೂಗುವ ಹೊತ್ತಿನಲ್ಲಿ ತರಕಾರಿ ಹೆಚ್ಚಿಕೋ. ಈಗ ದಿಲ್ಲಿಯಲ್ಲಿ ತರಕಾರಿಯ ಸುಗ್ಗಿ. ಕೆಂಪು ಗಜ್ಜರಿ, ಎಳೆ ಮೂಲಂಗಿ, ಕಟ್ಟುಗಟ್ಟಲೆ ಮೆಂತ್ಯ, ಪಾಲಕ್, ಬಥುವಾ. ಬಥುವಾ ಸೊಪ್ಪಿಗೆ ಬೇಳೆ ಹಾಕಿ ನಮ್ಮ ಹುಳಿ ಮಾಡಿ ನೋಡು, ಸೊಪ್ಪು ಅವರದು, ರುಚಿ ನಮ್ಮದು. ಬೇಸಗೆಯಲ್ಲಿ ಸೋರೆ, ಹೀರೆ, ತೊಂಡೆ ಬರುತ್ತವೆ, ಎಲ್ಲ ಪರಿಚಯದ ಮುಖಗಳೇ.

ಚಳಿಗಾಲದ ಇಡ್ಲಿ ಹಿಟ್ಟಿನ ವಿಷಯ ಮರೆಯದೆ ಹೇಳಬೇಕು. ಹಿಟ್ಟು ಹುದುಗಲು ಮೂವತ್ತು ಡಿಗ್ರಿ ಸುಮಾರಿನ ಶಾಖ ಬೇಕು. ದಿಲ್ಲಿಯ ಜನವರಿ ರಾತ್ರಿಯಲ್ಲಿ ನಾಲ್ಕೈದು ಡಿಗ್ರಿಗೆ ಇಳಿದಾಗ ಹಿಟ್ಟಿನೊಳಗಿನ ಸೂಕ್ಷ್ಮಜೀವಿಗಳು ಮುದುರಿಕೊಂಡು ಮಲಗಿಬಿಡುತ್ತವೆ, ಒಂದು ದಿನ ಪೂರ್ತಿ ಇಟ್ಟರೂ ಉಬ್ಬುವುದಿಲ್ಲ. ತಿಮಾರ್‌ಪುರದಲ್ಲಿ ನಿನ್ನ ದೊಡ್ಡಮ್ಮ ಪಾತ್ರೆಗೆ ಹಳೆ ರಜಾಯಿ ಸುತ್ತಿ ಇಡುತ್ತಿದ್ದಳು. ಅದೂ ಆಗದ ದಿನ ರವೆ ಇಡ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಬೆಂಗಳೂರಿನ ಎಂಟಿಆರ್‌ನವರು ಮಾಡಿ ನೋಡಿದ ತಿಂಡಿ ಅದು. ಇಲ್ಲದ್ದಕ್ಕೆ ಅಳುತ್ತ ಕೂರದೆ ಇದ್ದದ್ದರಲ್ಲಿ ದಾರಿ ಹುಡುಕಿದ್ದರಿಂದ ಇವತ್ತಿಗೂ ಅದು ನಮ್ಮ ತಟ್ಟೆಯಲ್ಲಿದೆ. ಮೇ ತಿಂಗಳಲ್ಲಿ, ಪೂರ್ವಭಾವಿ ಪರೀಕ್ಷೆಯ ಹೊಸ್ತಿಲಲ್ಲಿ, ಬಿಸಿಲು 45 ಡಿಗ್ರಿಗೆ ಏರಿದಾಗ ಒಲೆ ಹಚ್ಚಲು ಮನಸ್ಸಾಗುವುದಿಲ್ಲ. ಆಗ ತಂಬುಳಿ. ಅರ್ಧ ಚಮಚ ಮೆಂತ್ಯ, ಒಂದು ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿದು, ಹಿಡಿ ಕಾಯಿತುರಿ ಜೊತೆ ರುಬ್ಬಿ, ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ ಅನ್ನಕ್ಕೆ ಸುರಿದುಕೋ. ಉರಿಯುವ ಹೊಟ್ಟೆಗೆ ನಮ್ಮ ಮಲೆನಾಡಿನಲ್ಲಿ ಮೊದಲು ಕೊಡುವುದೇ ಇದು.

ಒಬ್ಬನೇ ಉಣ್ಣಬೇಡ. ನಿನ್ನ ಕೋಣೆಯ ಜೊತೆಗಾರ ಬಿಹಾರದವನು ಎಂದಿದ್ದೆ. ಅವನಿಂದ ಲಿಟ್ಟಿ ಚೋಖಾ ಕಲಿತುಕೋ, ಅವನಿಗೆ ಸಾರು ಕಲಿಸು. ನೀವಿರುವ ಜಾಗದ ಮಗ್ಗುಲಲ್ಲೇ ಕಿಂಗ್ಸ್‌ವೇ ಕ್ಯಾಂಪ್. ದೇಶ ವಿಭಜನೆಯಾದಾಗ ಪಂಜಾಬಿನ ಆ ಕಡೆಯಿಂದ ಮನೆ ಮಠ ಬಿಟ್ಟು ಬಂದವರಿಗೆ ದಿಲ್ಲಿಯಲ್ಲಿ ತೆರೆದ ಶಿಬಿರಗಳಲ್ಲಿ ಅದೇ ದೊಡ್ಡದು. ಏನೂ ಇಲ್ಲದೆ ಬಂದು, ಡೇರೆಯ ಮುಂದೆ ಒಲೆ ಹೂಡಿ, ಅಲ್ಲಿಂದ ಬದುಕು ಕಟ್ಟಿದ ಜನ. ಆ ತಲೆಮಾರಿನ ಅಜ್ಜಿಯರು ತಿಮಾರ್‌ಪುರದ ಸಂತೆಯಲ್ಲಿ ನಮಗೆ ಮೆಂತ್ಯ ಸೊಪ್ಪು ಆರಿಸುವುದನ್ನು ಕಲಿಸಿಕೊಟ್ಟರು, ನಿನ್ನ ದೊಡ್ಡಮ್ಮ ಅವರಿಗೆ ಉಪ್ಪಿಟ್ಟು ಕಲಿಸಿದಳು. ದೂರದ ಊರಿನಲ್ಲಿ ನೆಂಟಸ್ತಿಕೆ ಬೆಳೆಯುವುದು ಹೀಗೆ. ಬಿಡುವಾದ ಭಾನುವಾರ ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘಕ್ಕೂ ಹೋಗಿ ಬಾ. 1948ರಿಂದ ಇರುವ ಸಂಘ, ನಮ್ಮ ಮಾತು ಕಿವಿಗೆ ಬಿದ್ದರೆ ಮನಸ್ಸು ಹಗುರಾಗುತ್ತದೆ.

ಪುಟ್ಟು, ನೀನು ಪಾಸಾಗಬೇಕೆಂದು ನಾವೆಲ್ಲ ದೇವರಿಗೆ ದೀಪ ಹಚ್ಚುತ್ತಿದ್ದೇವೆ. ಆದರೆ ನಿನ್ನನ್ನು ನಾವು ಪ್ರೀತಿಸುವುದಕ್ಕೂ ಪಾಸಾದವರ ಪಟ್ಟಿಗೂ ಸಂಬಂಧವಿಲ್ಲ ಎಂಬುದು ನಿನಗೆ ಗೊತ್ತಿರಲಿ. ಫಲಿತಾಂಶದ ದಿನ ನಿನ್ನ ಹೆಸರು ಇದ್ದರೂ ಇಲ್ಲದಿದ್ದರೂ ರಾತ್ರಿಗೆ ಹಸಿವೆ ಬರುತ್ತದೆ. ಹೆಸರು ಇದ್ದರೆ ನಾಲ್ಕು ಜನರನ್ನು ಕರೆದು ಪಾಯಸ ಮಾಡು. ಇಲ್ಲದಿದ್ದರೆ ಬಾಗಿಲು ಹಾಕಿಕೊಂಡು ಹಸಿದು ಮಲಗಬೇಡ. ಎದ್ದು ಅಕ್ಕಿ ತೊಳೆ, ಬೇಳೆ ಇಡು, ಬಿಸಿ ಬಿಸಿ ಉಂಡು ನಮಗೆ ಫೋನ್ ಮಾಡು. ತನ್ನ ಅನ್ನ ತಾನು ಬೇಯಿಸಿಕೊಳ್ಳಬಲ್ಲೆ ಎಂಬ ಧೈರ್ಯ ಒಮ್ಮೆ ಕೈಗೆ ಬಂದರೆ ಯಾವ ಪಟ್ಟಿಯೂ ಅದನ್ನು ಕಿತ್ತುಕೊಳ್ಳಲಾರದು. ಯುಗಾದಿಗೆ ಬಂದಾಗ ಒಂದು ಹೊತ್ತಿನ ಅಡುಗೆ ನಿನ್ನದು. ನಿನ್ನಮ್ಮ ಅವತ್ತು ಒಲೆಯ ಹತ್ತಿರ ಸುಳಿಯಬಾರದು, ಎಲೆಯ ಮುಂದೆ ಕೂರಬೇಕು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ

ತಾ.ಕ.: ಈ ಸಲ ಸಾರಿನ ಪುಡಿ ನಾವೇ ಕಳಿಸುತ್ತಿದ್ದೇವೆ. ಮುಗಿದ ಮೇಲೆ ನೀನೇ ಮಾಡಿಕೋ. ದೊಡ್ಡಮ್ಮ ಹೇಳಿ ಬರೆಸಿದ ಅಳತೆ ಹೀಗಿದೆ: ಕೊತ್ತಂಬರಿ ಬೀಜ ಒಂದು ಲೋಟ, ಬ್ಯಾಡಗಿ ಮೆಣಸಿನಕಾಯಿ ಇಪ್ಪತ್ತು, ಜೀರಿಗೆ ಕಾಲು ಲೋಟ, ಮೆಂತ್ಯ ಒಂದು ಚಮಚ, ಕಾಳುಮೆಣಸು ಒಂದು ಚಮಚ, ಸಾಸಿವೆ ಅರ್ಧ ಚಮಚ, ಎರಡು ಎಸಳು ಕರಿಬೇವು, ಕಡಲೆ ಗಾತ್ರದ ಇಂಗು. ಒಂದೊಂದನ್ನೂ ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ, ಪರಿಮಳ ಬರುವವರೆಗೆ ಹುರಿ. ಮೆಂತ್ಯ ಕೆಂಪಾದರೆ ಸಾಕು, ಕಪ್ಪಾದರೆ ಕಹಿ. ಪೂರ್ತಿ ಆರಿದ ಮೇಲೆಯೇ ಪುಡಿ ಮಾಡಿ ಗಾಜಿನ ಬಾಟಲಿಗೆ ತುಂಬು.